ಕೆಮ್ಮಣ್ಣಿನ ಕೈಗುರುತು

ಇದು ಮಾವನ ಕೈ ಅಲ್ಲವೇ ಅಲ್ಲ. ಹಾಗೆಂದು ಖಡಾಖಂಡಿತವಾಗಿ ಹೇಳುವುದಾದರೂ ಹೇಗೆ? ಮಣ್ಣು ಒಣಗಿದರೆ ಕುಗ್ಗುತ್ತದೆ, ಸುಣ್ಣದ ಗೋಡೆ ತೇವಕ್ಕೆ ಉಬ್ಬುತ್ತದೆ, ಕಾಲ ಕಳೆದ ಹಾಗೆ ಅಂಚು ಸವೆಯುತ್ತದೆ. ಸವೆಯಲಿ. ಸವೆದರೆ ಇದ್ದ ಬೆರಳು ಗಿಡ್ಡವಾದೀತೇ ಹೊರತು ಇಲ್ಲದ ಬೆರಳು ಚಿಗುರುವುದಿಲ್ಲವಲ್ಲ.

ಅವನು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಗೋಡೆಗೆ ಮುಖ ತಾಗುವಷ್ಟು ಹತ್ತಿರ ಹೋದ. ಬಲಗೈ. ಐದೂ ಬೆರಳು ಪೂರ್ತಿ. ಹೆಬ್ಬೆರಳು ಮೇಲಿನ ಗೆಣ್ಣಿನ ಸಮೇತ, ಬೇಕೆಂದೇ ತೋರಿಸುವ ಹಾಗೆ ಅಗಲಕ್ಕೆ ಚಾಚಿಕೊಂಡಿದೆ. ಮಾವನ ಬಲಗೈ ಹೆಬ್ಬೆರಳು ಅರ್ಧವೇ ಇರುವುದು. ದೋಣಿ ಕಟ್ಟುವ ಬಡಗಿ ಅವರು. ಈಜು ಕಲಿಯಲು ಬರುವ ಮಕ್ಕಳು ಕೇಳಿದರೆ ಉಳಿದರ್ಧವನ್ನು ದೋಣಿ ತಿಂದುಬಿಟ್ಟಿತು ಎನ್ನುತ್ತಾರೆ.

ದೋಣಿಮನೆಯ ಆ ಗೋಡೆಯ ತುಂಬ ಇಂಥ ಅಂಗೈಗಳಿದ್ದವು. ಸರೋವರದ ಈ ದಡದ ಮಣ್ಣು ಕಪ್ಪು, ಆಚೆ ದಡದ್ದು ಕೆಂಪು. ಈಜಿ ದಾಟಿದವರು ಅಲ್ಲಿಂದ ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಈಜಿಯೇ ಮರಳಬೇಕು. ಬಂದವರು ಅದನ್ನು ಅಂಗೈಗೆ ಬಳಿದುಕೊಂಡು ಬಿಳಿ ಗೋಡೆಗೆ ಒತ್ತಬೇಕು. ಕೆಳಗೆ ಅವರ ಹೆಸರು ಬರೆಯುತ್ತಾರೆ. ಬೇರೆ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ಇರುವ ಕೈಯ ಕೆಳಗೆ ಮಾವನ ಹೆಸರಿತ್ತು. ಮೊಟ್ಟಮೊದಲು ದಾಟಿ ಬಂದವರು ಅವರೇ ಎಂಬುದು ಇಲ್ಲಿ ಕೂಸಿಗೂ ಗೊತ್ತು.

ಅವನು ಈ ದಡಕ್ಕೆ ಹೊಸಬ. ಮದುವೆಯಾಗಿ ಬಹಳ ಕಾಲ ದೂರದ ಪಟ್ಟಣದಲ್ಲಿ ಚರಿತ್ರೆ ಪಾಠ ಹೇಳಿಕೊಂಡಿದ್ದವನು, ಈ ವರ್ಷ ಇಲ್ಲಿನ ಶಾಲೆಗೆ ವರ್ಗವಾಗಿ ಹೆಂಡತಿಯ ತವರಿನ ಪಕ್ಕದಲ್ಲೇ ಮನೆ ಮಾಡಿದ್ದ. ವರ್ಷಕ್ಕೊಮ್ಮೆ ಸರೋವರ ದಾಟುವ ಈಜಿನ ದಿನ ಪರೀಕ್ಷೆಯ ಹೊತ್ತಿಗೇ ಬರುತ್ತಿದ್ದುದರಿಂದ ಇಷ್ಟು ವರ್ಷ ಹೆಂಡತಿ ಒಬ್ಬಳೇ ಬಂದು ಹೋಗುತ್ತಿದ್ದಳು. ಈ ಸಲ ದೋಣಿ ಸಂಘದವರು ಹಳೆಯ ಹುಟ್ಟುಗಳು, ಫೋಟೋಗಳು, ಲಾಟೀನುಗಳನ್ನೆಲ್ಲ ಒಟ್ಟುಮಾಡಿ ದೋಣಿಮನೆಯ ಅರ್ಧವನ್ನು ಚರಿತ್ರೆಯ ಕೋಣೆಯಾಗಿ ಮಾಡುತ್ತಿದ್ದರು. ಬರೆಯುವ ಕೆಲಸ ತಾನಾಗಿಯೇ ಅವನ ಹೆಗಲಿಗೆ ಬಿತ್ತು.

"ಏನ್ ಮೇಷ್ಟ್ರೇ, ಗೋಡೆಗೆ ಅಂಗಿ ಹೊಲಿಸ್ತೀರಾ?"

ಬಾಗಿಲಲ್ಲಿ ಸಂಘದ ಕಾರ್ಯದರ್ಶಿ. ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವರು. ಅವನು ಕೈಯಲ್ಲಿದ್ದ ಟೇಪನ್ನು, ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೇಳದೆ ತಂದದ್ದನ್ನು, ಜೇಬಿಗೆ ತುರುಕಿಕೊಂಡು ಸ್ಟೂಲಿನಿಂದ ಇಳಿದ.

"ಸುಮ್ನೆ ನೋಡ್ತಿದ್ದೆ."

"ನೋಡಿ ನೋಡಿ. ಆದ್ರೆ ಫಲಕದ ಬರಹ ಬೇಗ ಕೊಡಿ. ಬಣ್ಣದವನು ದಿನಾ ಅಂಗಡಿ ಮುಂದೆ ಬಂದು ನನ್ನ ತಲೆ ತಿಂತಿದ್ದಾನೆ. ಮೊದಲನೇ ಫಲಕ ನಿಮ್ಮ ಮಾವನದು. ಅವರನ್ನ ಬಿಟ್ರೆ ನಮ್ಮ ಚರಿತ್ರೆ ಅನ್ನೋದರಲ್ಲಿ ಇನ್ನೇನಿದೆ, ಸೊಳ್ಳೆ."

"ಒಂದು ಕೇಳ್ಲಾ? ಈ ಕೈಗಳೆಲ್ಲ ಅವರವರದೇ ತಾನೇ?"

"ಇನ್ಯಾರದು, ನನ್ನದಾ? ನನಗೆ ಬಕೆಟ್ ನೀರು ಕಂಡ್ರೂ ಉಸಿರು ಕಟ್ಟುತ್ತೆ."

ಅವರು ನಗುತ್ತ ಹೋದರು. ಅವನಿಗೆ ನಗು ಬರಲಿಲ್ಲ. ಪ್ರಶ್ನೆಗೆ ತಮಾಷೆಯ ಉತ್ತರ ಕೊಟ್ಟವರ ಬಗ್ಗೆ ಅವನಿಗೆ ಯಾವತ್ತೂ ಒಂದು ಗುಮಾನಿ.

ಮಾವನ ಮನೆಯಲ್ಲೇ ಅಂದಿನ ಊಟ. ಹೆಂಡತಿ ಮಕ್ಕಳಿಗೆ ಸಂಜೆಯ ಈಜು ಪಾಠ ಮುಗಿಸಿ ಒದ್ದೆ ಜಡೆಯಲ್ಲೇ ಬಡಿಸುತ್ತಿದ್ದಳು. ಮಾವ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಅವರು ಉಣ್ಣುವಾಗ ಮಾತಾಡುವುದಿಲ್ಲ. ಬೇರೆ ಹೊತ್ತಿನಲ್ಲೂ ಅಷ್ಟಕ್ಕಷ್ಟೆ.

"ಮಾವ, ನೀವು ದಾಟಿದ ದಿನದ್ದು ಸ್ವಲ್ಪ ಹೇಳಿ. ಫಲಕಕ್ಕೆ ಬೇಕು."

"ಹೇಳೋದೇನು ಅಳಿಯಂದ್ರೇ. ನೀರಿತ್ತು, ಈಜಿದೆ."

"ಅಪ್ಪನ ಬಾಯಿಂದ ಮಾತು ಹೊರಡಿಸೋದಾ?" ಎಂದಳು ಹೆಂಡತಿ. "ನೀವು ಕಲ್ಲು ಹಿಂಡಿ ಎಣ್ಣೆ ತೆಗೀರಿ, ಅದು ಸಲೀಸು."

"ಯಾರು ನೋಡಿದ್ರು ಮಾವ, ನೀವು ಆ ದಡ ಮುಟ್ಟಿದ್ದು?"

ಮಾವ ನೀರು ಕುಡಿದು ಲೋಟ ಕೆಳಗಿಟ್ಟರು. "ಬೆಳಿಗ್ಗೆ ಮಂಜು ಕವಿದಿತ್ತು. ಯಾರಿಗೆ ಏನ್ ಕಾಣುತ್ತೆ."

"ಈ ಹೆಬ್ಬೆರಳು? ಅದು ಆಮೇಲೆ ಹೋಗಿದ್ದಾ?"

"ಮೀಸೆ ಬರೋ ಮುಂಚೆ ಹೋಗಿದ್ದು. ನಮ್ಮಪ್ಪನ ಗರಗಸ." ಅವರು ತಲೆಯೆತ್ತಿದರು. "ಅದ್ಯಾಕೆ ಫಲಕಕ್ಕೆ?"

"ಸುಮ್ನೆ ಕೇಳ್ದೆ."

ಮಾವ ಅವನನ್ನು ಒಂದು ಕ್ಷಣ ನೋಡಿ ಮತ್ತೆ ತಟ್ಟೆಗೆ ಬಗ್ಗಿದರು. ಎಡಗೈ ತೊಡೆಯ ಮೇಲೆ ಮುಷ್ಟಿಯಾಗಿದೆ ಎಂದು ಅವನಿಗೆ ತೋರಿತು. ಅದು ಹಾಗೇ ಇರುತ್ತಿತ್ತೋ, ಈಗ ಆಯಿತೋ ಗೊತ್ತಾಗಲಿಲ್ಲ.

ಮೀಸೆ ಬರುವ ಮುಂಚೆ. ಸರೋವರ ದಾಟುವ ಹೊತ್ತಿಗೆ ಅವರಿಗೆ ಮದುವೆ ನಿಶ್ಚಯವಾಗಿತ್ತು. ಅದನ್ನು ಹೆಂಡತಿಯೇ ಎಷ್ಟೋ ಸಲ ಹೇಳಿದ್ದಳು. ಅಂದರೆ ಗೋಡೆಗೆ ಕೈ ಒತ್ತಿದಾಗ ಅರ್ಧ ಹೆಬ್ಬೆರಳೇ. ಮೌನದಲ್ಲಿ ಎರಡು ಬಗೆ ಎಂದು ಅವನು ನಂಬಿದ್ದ: ಹೇಳಲು ಏನೂ ಇಲ್ಲದವರದು ಒಂದು, ಹೇಳಬಾರದ್ದು ಇರುವವರದು ಇನ್ನೊಂದು. ಮಾವನದನ್ನು ಇಷ್ಟು ದಿನ ಮೊದಲನೆಯದೆಂದು ಗೌರವಿಸಿದ್ದ. ಈಗ ಅವರು ಗಂಟಲು ಸರಿಮಾಡಿಕೊಂಡರೂ ಅದರಲ್ಲಿ ಏನೋ ಅಡಗಿದಂತೆ ಕೇಳಿಸತೊಡಗಿತು. ಅವರು ದೋಣಿಮನೆಗೆ ಬಂದರೆ ಆ ಗೋಡೆಯ ಕಡೆ ಬೆನ್ನು ಹಾಕಿ ಕೂರುವುದು ಅವನ ಕಣ್ಣಿಗೆ ಬಿತ್ತು. ಬೆಳಕು ಬರುವುದು ಎದುರಿನ ಕಿಟಕಿಯಿಂದ, ಕೆಲಸಕ್ಕೆ ಬೆಳಕು ಬೇಕು ಎಂಬುದೂ ಹೊಳೆಯಿತು. ಹೊಳೆದರೂ ಮನಸ್ಸು ಅದನ್ನು ಪಕ್ಕಕ್ಕೆ ಸರಿಸಿತು.

ಉಳಿದದ್ದು ಅಂಚೆ ತಾತ. ಕಾಗದ ಹಂಚಿ ನಿವೃತ್ತರಾದವರು, ಮಾವನ ಜೀವದ ಗೆಳೆಯ. ಅಂದು ಮಾವನ ಹಿಂದೆ ಕಾವಲು ದೋಣಿ ನಡೆಸಿದ್ದು ಅವರೇ. ಸಂಜೆ ನೀರಿನ ಬದಿಯ ಬೆಂಚಿನ ಮೇಲೆ, ಕಾಲು ತುಳಿದು ನಡೆಸುವ ಬಾಡಿಗೆ ದೋಣಿಗಳಲ್ಲಿ ಜೋಡಿಗಳು ಸುತ್ತುವುದನ್ನು ನೋಡುತ್ತ ಕೂತಿರುತ್ತಾರೆ.

"ಬಾರಪ್ಪ ಅಳಿಯ. ಆ ಹಳದಿ ದೋಣೀಲಿ ನೋಡು, ಅವಳೊಬ್ಬಳೇ ತುಳೀತಿದ್ದಾಳೆ. ಅವನು ಮಹಾರಾಜ. ಈ ಮದುವೆ ನಡೆಯಲ್ಲ."

"ತಾತ, ಮಾವ ಆಚೆ ದಡ ಮುಟ್ಟಿದ್ದನ್ನ ನೀವು ನೋಡಿದ್ರಲ್ಲ?"

ತಾತನ ನಗು ಮಡಿಚಿಕೊಂಡಿತು. "ದೋಣಿ ನಂದೇ."

"ಅದಲ್ಲ. ಕಣ್ಣಾರೆ ನೋಡಿದ್ರಾ?"

"ಮಣ್ಣು ತಂದಿದ್ನಲ್ಲ."

"ಮಣ್ಣನ್ನ ಹಿಂದಿನ ದಿನ ದೋಣೀಲಿ ಹೋಗಿಯೂ ತರಬಹುದು."

"ತರಬಹುದು. ಚಂದ್ರನಿಂದಲೂ ತರಬಹುದು." ತಾತ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನೋಡಪ್ಪ, ಆ ಬೆಳಿಗ್ಗೆದು ನಿಮ್ಮ ಮಾವ ಯಾರಿಗೂ ಬಾಯಿ ಬಿಟ್ಟಿಲ್ಲ, ನಾನೂ ಬಿಡಲ್ಲ. ನಾವಿಬ್ಬರೂ ಹಾಗಂತ ಮಾತಾಡ್ಕೊಂಡಿದ್ದೀವಿ. ಇನ್ನು ಕೆದಕಬೇಡ."

ಮಾತಾಡಿಕೊಂಡಿದ್ದಾರೆ! ಅವನು ಮನೆಯವರೆಗೂ ಆ ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡು ನಡೆದ. ಮುಚ್ಚಿಡುವುದು ಇಲ್ಲದಿದ್ದರೆ ಮಾತಾಡಿಕೊಳ್ಳುವುದೇಕೆ? ಹಾಗಾದರೆ ಗೋಡೆಯ ಮೇಲಿರುವುದು ಯಾರ ಕೈ? ಅಳತೆಯ ಪ್ರಕಾರ ಅದು ಬಡಗಿ ಗಂಡಸಿನ ಕೈಯೇ ಅಲ್ಲ. ಸಣ್ಣ ಅಂಗೈ, ಉದ್ದನೆಯ ಬೆರಳು. ಹೆಣ್ಣಿನ ಕೈ ಎಂದು ಹೊಳೆದಾಗ ಅವನು ದಾರಿಯಲ್ಲೇ ನಿಂತುಬಿಟ್ಟ.

ಅತ್ತೆ. ಅವನು ಕಂಡೇ ಇರದ, ಮಗಳು ಶಾಲೆಯಲ್ಲಿರುವಾಗಲೇ ತೀರಿಹೋದ ಅತ್ತೆ. ಮೀನಿನ ಹಾಗೆ ಈಜುತ್ತಿದ್ದರಂತೆ. ಮಾವನ ಪಡಸಾಲೆಯಲ್ಲಿ ಅವರ ಫೋಟೋ ಇತ್ತು. ಮರುದಿನ ಏನೋ ನೆಪ ಮಾಡಿಕೊಂಡು ಹೋಗಿ ಅದರ ಮುಂದೆ ನಿಂತ. ಕೈಗಳು ಸೆರಗಿನೊಳಗೆ. ಸಿಕ್ಕಲಿಲ್ಲವಲ್ಲ ಎಂದುಕೊಂಡ, ಬಚ್ಚಿಟ್ಟಿದ್ದಾರೆ ಎಂದೂ ಅನ್ನಿಸಿತು. ಆ ಕಾಲದಲ್ಲಿ ಮದುವೆ ಗೊತ್ತಾದ ಹುಡುಗಿ ಸರೋವರ ದಾಟಿದಳೆಂದರೆ ಯಾರು ಮೆಚ್ಚುತ್ತಿದ್ದರು? ಅವಳು ಈಜಿದಳು, ಇವರು ಹೆಸರು ಇಟ್ಟುಕೊಂಡರು. ಕತೆ ತಾನಾಗಿಯೇ ಹೆಣೆದುಕೊಂಡು ನಿಂತಿತು, ಎಲ್ಲೂ ಒಂದು ಎಳೆಯೂ ಬಿಚ್ಚದ ಹಾಗೆ. ಹೆಂಡತಿಗೂ ಇದು ಗೊತ್ತಿರಬೇಕು. ಇಲ್ಲದಿದ್ದರೆ ಊಟದ ಹೊತ್ತಿನಲ್ಲಿ ಮಾತನ್ನು ಕಲ್ಲು, ಎಣ್ಣೆ ಎಂದು ತಮಾಷೆಗೆ ತಿರುಗಿಸಿದ್ದೇಕೆ?

ಕೇಳಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲೇ ಕೂತು ಅವಳು ಮಕ್ಕಳ ಈಜು ಟೋಪಿಗಳನ್ನು ಒಣಗಿಸುತ್ತಿದ್ದಳು. ಅವನು ಕೇಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳಬೇಕಾಗುತ್ತದೆ, ಅವಳನ್ನು ಆ ಕಷ್ಟಕ್ಕೆ ದೂಡಬಾರದು ಎಂದು ತನಗೆ ತಾನೇ ಹೇಳಿಕೊಂಡ. ಬಹಳ ಉದಾರವಾದ ಮನಸ್ಸು ತನ್ನದು ಎಂದೂ ಅನ್ನಿಸಿತು.

ಫಲಕಗಳ ಬರಹ ಕೊಟ್ಟ. ಒಬ್ಬೊಬ್ಬರ ಹೆಸರಿನ ಮುಂದೆ ಅವರ ಕಸುಬು, ಕೊನೆಗೆ "ಸರೋವರ ದಾಟಿ ಬಂದರು" ಎಂದು. ಮಾವನ ಫಲಕದಲ್ಲಿ ಮಾತ್ರ, "ಸರೋವರವನ್ನು ಮೊದಲು ದಾಟಿ ಬಂದವರು ಇವರೆಂದು ಊರಿನವರು ನಂಬುತ್ತಾರೆ." ಬರೆದಾಗ ತೃಪ್ತಿಯಾಯಿತು. ಸುಳ್ಳೂ ಹೇಳಲಿಲ್ಲ, ಯಾರ ಮಾನವನ್ನೂ ಕಳೆಯಲಿಲ್ಲ. ಔಷಧಿ ಅಂಗಡಿಯವರು ಕೆಮ್ಮಿನ ಸಿರಪ್ಪು ಕಟ್ಟಿಕೊಡುತ್ತಲೇ ಅದರ ಮೇಲೆ ಕಣ್ಣಾಡಿಸಿ, "ಅಚ್ಚುಕಟ್ಟಾಗಿದೆ ಮೇಷ್ಟ್ರೇ," ಎಂದು ಬಣ್ಣದವನಿಗೆ ದಾಟಿಸಿದರು.

ಈಜಿನ ದಿನಕ್ಕೆ ಮುಂಚಿನ ದಿನ ಶಾಲೆ ಅರ್ಧವೇ. ಮಧ್ಯಾಹ್ನ ಅವನು ದೋಣಿಮನೆಗೆ ಹೋದರೆ ಒಳಗೆ ಜಾತ್ರೆಯಂಥ ಗಲಾಟೆ. ಆಚೆ ದಡದಿಂದ ದೋಣಿಯಲ್ಲಿ ತಂದ ಕೆಮ್ಮಣ್ಣು ಬೋಗುಣಿಗಳಲ್ಲಿ ಕಲಸಿಟ್ಟಿತ್ತು. ಹೆಂಗಸರು, ಗಂಡಸರು, ಮುದುಕರು ಅಂಗೈಗೆ ಮಣ್ಣು ಬಳಿದುಕೊಂಡು ಗೋಡೆಯ ಮುಂದೆ ಸರದಿ ನಿಂತಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯವರ ಹೆಸರಿನ ಮೇಲೆ, ಮಾಸಿದ ಹಳೆಯ ಗುರುತಿನ ಮೇಲೆಯೇ, ತಮ್ಮ ಕೈ ಒತ್ತುತ್ತಿದ್ದರು.

ಅವನ ಹೆಂಡತಿ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಎಲ್ಲಕ್ಕಿಂತ ಮೇಲಿನ ಗುರುತಿನ ಮೇಲೆ ಬಲಗೈ ಇಟ್ಟು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಒಂದು ಕೂದಲೆಳೆ ಆಚೆ ಈಚೆ ಇಲ್ಲದೆ ಕೈ ಕೂತಿತು. ಚಾಚಿಕೊಂಡ ಹೆಬ್ಬೆರಳು ಸಮೇತ.

"ಏನಿದು?" ಎಂದ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು.

"ಕೈ ಹೊಸದು ಮಾಡೋದು ರೀ. ಪ್ರತಿ ವರ್ಷ ಮಾಡ್ತೀವಲ್ಲ."

"ಮಾವ ತಾವೇ ಯಾಕೆ ಒತ್ತಲ್ಲ?"

"ದಾಟಿದವರು ಒಂದೇ ಸಲ ಒತ್ತೋದು. ಆಮೇಲೆ ಅವರು ಆ ಗೋಡೆ ಮುಟ್ಟಬಾರದು. ಉಳಿಸ್ಕೊಂಡು ಹೋಗೋದು ಮನೆಯವರ ಕೆಲಸ. ಅಮ್ಮ ಒತ್ತುತ್ತಿದ್ದರು, ಆಮೇಲೆ ನಾನು. ಮೊದಲನೇ ಸಲ ಅಂಚೆ ತಾತನ ಹೆಗಲ ಮೇಲೆ ಕೂತು ಒತ್ತಿದ್ದೆ, ಅವರ ಬೋಳುತಲೆಗೂ ಒಂದು ಒತ್ತಿಬಿಟ್ಟಿದ್ದೆ." ಅವಳು ಕೆಳಗಿಳಿದು ಅವನ ಮುಖ ನೋಡಿದಳು. "ನಿಮಗೆ ಗೊತ್ತಿರಲಿಲ್ವಾ? ನಾನು ಹೇಳಿರಲಿಲ್ವಾ?"

"ಇಲ್ಲ."

"ಅಯ್ಯೋ, ಎಲ್ಲರಿಗೂ ಗೊತ್ತಿರೋದನ್ನ ಯಾರು ಹೇಳ್ತಾರೆ ಅಂತ."

ಅವನು ಗೋಡೆಯನ್ನು ನೋಡಿದ. ಸತ್ತುಹೋದ ಅಂಬಿಗನೊಬ್ಬನ ಹೆಸರಿನ ಮೇಲೆ ಅವನ ಮೊಮ್ಮಗಳ ಪುಟ್ಟ ಕೈ ಇತ್ತು. ಪೈಲ್ವಾನನಂತಿದ್ದ ಬೇಕರಿಯವನ ಹೆಸರಿನ ಮೇಲೆ ಅವನ ಹೆಂಡತಿಯ ಕೈ, ಬಳೆಯ ಅಂಚಿನ ಗೆರೆ ಸಮೇತ ಬಿದ್ದಿತ್ತು. ಪಕ್ಕದ ಒಂದೇ ಒಂದು ಕೈಯನ್ನು ಅಳೆದಿದ್ದರೂ ಸಾಕಿತ್ತು. ಅವನು ಅಳೆದದ್ದು ಮಾವನದನ್ನು ಮಾತ್ರ. ದಿನವೂ ಹಿಡಿಯುವ ಕೈಯನ್ನು ಟೇಪು ಹಿಡಿದು ಅಳೆದೂ ಗುರುತಿಸಲಾಗಲಿಲ್ಲ.

"ಆ ಬೆಳಿಗ್ಗೆ... ಅಂಚೆ ತಾತ ಏನೂ ಹೇಳಲ್ಲ ಅಂದ್ರು. ಮಾವನೂ ಹೇಳಲ್ಲ."

ಹೆಂಡತಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ತಾತ ಮಂಜಲ್ಲಿ ದಾರಿ ತಪ್ಪಿ ಸುತ್ತಾಡಿ ಸುತ್ತಾಡಿ, ಆಚೆ ದಡ ಸಿಕ್ತು ಅಂತ ಖುಷಿಯಿಂದ ಇಳಿದರೆ ಅದು ಇದೇ ದಡವಂತೆ. ಅಪ್ಪ ಒಬ್ಬರೇ ಹೋಗಿ ಒಬ್ಬರೇ ಬಂದ್ರು. ಗೆಳೆಯನ ಮರ್ಯಾದೆ ಹೋಗಬಾರದು ಅಂತ ಅಪ್ಪ ಬಾಯಿ ಬಿಡಲ್ಲ. ಆದ್ರೆ ತಾತನ ಹೆಂಡತಿ ಊರಿಗೆಲ್ಲ ಹೇಳ್ಬಿಟ್ಟಿದ್ದಾರೆ. ಊರಿಗೆ ಗೊತ್ತಿರೋದು ತಾತನಿಗೆ ಮಾತ್ರ ಗೊತ್ತಿಲ್ಲ. ನೀವೂ ಸುಮ್ನಿರಿ."

ಅವನಿಗೆ ಫಲಕ ನೆನಪಾಯಿತು. ತಿರುಗಿ ನೋಡಿದ. ಎದುರಿನ ಗೋಡೆಯಲ್ಲಿ ಫಲಕಗಳೆಲ್ಲ ಆಗಲೇ ಸಾಲಾಗಿ ಕೂತಿದ್ದವು, ಬಿಳಿ ಬಟ್ಟೆ ಮುಚ್ಚಿಕೊಂಡು. ನೂಲು ಹಿಡಿದಂತೆ ನೇರ.

"ಇದನ್ನ ಯಾರು ಹಾಕಿದ್ದು?"

"ಇನ್ಯಾರು, ಅಪ್ಪ. ಬೆಳಿಗ್ಗೆಯಿಂದ ಅದೇ ಕೆಲಸ."

ಮಾವ ಹಿಂದಿನ ಕೊಟ್ಟಿಗೆಯಲ್ಲಿ ಕವುಚಿ ಹಾಕಿದ ದೋಣಿಯ ಸಂದಿಗೆ ಅಂಟು ತುಂಬುತ್ತಿದ್ದರು. ಅವನು ಬಾಗಿಲಲ್ಲಿ ನಿಂತ. ಅವರು ತಿರುಗಲಿಲ್ಲ.

"ಫಲಕ ಗಟ್ಟಿಯಾಗಿ ಕೂತಿದೆ ಅಳಿಯಂದ್ರೇ. ನೆಲ ಓರೆ ಇದೆ, ಅದಕ್ಕೇ ನೀರ್ಮಟ್ಟ ಇಟ್ಟು ನೋಡಿದೆ."

"ಮಾವ, ಅದರಲ್ಲಿ ಒಂದು ಸಣ್ಣ ತಿದ್ದುಪಡಿ..."

"ಓದಿದೆ." ಅಂಟಿನ ಕಡ್ಡಿಯನ್ನು ಸಂದಿಯುದ್ದಕ್ಕೂ ಎಳೆದರು. "ನಂಬ್ತಾರೆ ಅಂತ ಬರ್ದಿದ್ದೀರಿ. ಒಳ್ಳೇದು. ನಂಬೋರು ಇದ್ದಾರಲ್ಲ."

"ಬಿಚ್ಚಿ ಬೇರೆ ಬರೆಸ್ತೀನಿ. ಇವತ್ತೇ."

"ಬೇಡ. ಈಗ ಬಿಚ್ಚಿದ್ರೆ ಗೋಡೆ ಗಾರೆ ಉದುರುತ್ತೆ. ನಾಳೆ ಜನ ಬರ್ತಾರೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಹಾಳು ಮನಸ್ಸು ಅಷ್ಟರಲ್ಲೂ ಒಮ್ಮೆ ಕಣ್ಣು ತೆರೆಯಿತು: ಸಿಟ್ಟೇಕಿಲ್ಲ? ನಿಜ ತಮ್ಮ ಕಡೆ ಇರುವವರು ರೇಗಬೇಕಲ್ಲ? ದೋಣಿಯೂ ಇರಲಿಲ್ಲ, ನೋಡಿದವರೂ ಇರಲಿಲ್ಲ, ಇದ್ದದ್ದು ಒಂದು ಹಿಡಿ ಮಣ್ಣು. ಆಗ ಮಾವನ ಕೈ ಕಂಡಿತು. ಆ ಅರ್ಧ ಬೆರಳಿನ ಕೈ ಅಂಟಿನ ಕಡ್ಡಿಯನ್ನು ಒತ್ತಿ ಹಿಡಿದಿತ್ತು. ಗೆರೆ ಸಂದಿ ಬಿಟ್ಟು ಹಲಗೆಯ ಮೇಲೆ ಹೋಗಿತ್ತು. ಅವರು ಅದನ್ನು ಬಟ್ಟೆಯಿಂದ ಒರೆಸಿದರು, ಮತ್ತೆ ಎಳೆದರು, ಮತ್ತೆ ತಪ್ಪಿತು. ಅವನ ಅನುಮಾನವೆಲ್ಲ ಅಲ್ಲೇ ಸೋರಿಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ಬಾಯಿಗೆ ತರದೆ ಅವನು ಅಲ್ಲಿಂದ ಹೊರಟುಬಂದ.

ಮರುದಿನ ಬಟ್ಟೆ ಸರಿಸಿದರು. ಜನ ಓದಿದರು, ತಲೆದೂಗಿದರು, ತಮ್ಮವರ ಹೆಸರು ಹುಡುಕಿ ಬೆರಳಿಟ್ಟು ತೋರಿಸಿದರು. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಹೆಂಡತಿ ಮಾತ್ರ ಸಾಲಿನುದ್ದಕ್ಕೂ ಓದುತ್ತ ಹೋಗಿ, ಮತ್ತೆ ಮೊದಲನೆಯದಕ್ಕೆ ಬಂದು ನಿಂತಳು.

"ಎಲ್ಲರೂ ದಾಟಿ ಬಂದರು. ಅಪ್ಪ ಒಬ್ಬರನ್ನ ಊರಿನವರು ನಂಬ್ತಾರೆ. ಯಾಕೆ ರೀ?"

"ಮೊದಲನೇದು ಅಂದಾಗ ಚರಿತ್ರೇಲಿ ಹಾಗೆ ಬರೆಯೋ ರೂಢಿ."

"ಓ," ಎಂದಳು ಅವಳು. ಒಂದೇ ಅಕ್ಷರ. ಅದರಲ್ಲಿ ಅವಳು ಎಷ್ಟನ್ನು ತಿಳಿದುಕೊಂಡಳು ಎಂದು ಅವನಿಗೆ ಗೊತ್ತಾಗಲಿಲ್ಲ. ಅಂದಿನಿಂದ ಅವಳ ಪ್ರತಿ "ಓ" ಕೇಳಿದಾಗಲೂ ಅವನು ಅವಳ ಮುಖ ನೋಡುತ್ತಾನೆ.

ಈಜುವವರು ನೀರಿನಂಚಿನಲ್ಲಿ ಸಾಲಾಗಿ ನಿಂತರು. ಹೊರಡಲು ಕೂಗು ಹಾಕುವುದು ಮೊದಲು ದಾಟಿದವರ ಹಕ್ಕು. ಕಟ್ಟೆಯ ತುದಿಯಲ್ಲಿ ನಿಂತು ಮಾವ ಹಾಕುತ್ತಿದ್ದ ಕೂಗು ಆಚೆ ದಡಕ್ಕೆ ಹೋಗಿ ಮರಳುತ್ತಿತ್ತಂತೆ. ಔಷಧಿ ಅಂಗಡಿಯವರು ಕೊಟ್ಟಿಗೆಗೆ ಹೋಗಿ ಒಬ್ಬರೇ ವಾಪಸು ಬಂದರು.

"ಗಂಟಲು ಸರಿ ಇಲ್ವಂತೆ. ನೀವೇ ಯಾರಾದ್ರೂ ಹಾಕ್ಕೊಳ್ಳಿ ಅಂದ್ರು. ನಾನು ಮಾತ್ರೆ ಕೊಡ್ತೀನಿ ಅಂದ್ರೂ ಬೇಡವಂತೆ."

ಕೊನೆಗೆ ಅಂಚೆ ತಾತ ಎದ್ದು ಹೋಗಿ ಕೂಗಿದರು. ಅರ್ಧಕ್ಕೇ ಕೆಮ್ಮು ಬಂತು. ಜನ ನಕ್ಕರು, ಈಜುವವರು ನಗುತ್ತಲೇ ನೀರಿಗೆ ಹಾರಿದರು.

ಪರೀಕ್ಷೆ ಮುಗಿದು ರಜೆ ಬಂದಾಗ ಅವನು ಹೊಸ ಫಲಕ ಬರೆಸಿದ. "ಸರೋವರವನ್ನು ಮೊದಲು ದಾಟಿ ಬಂದರು." ಹಳೆಯದನ್ನು ತಾನೇ ಬಿಚ್ಚಿದ, ಗಾರೆ ಉದುರಿತು, ಹೊಸದು ಸೊಟ್ಟ ಕೂತಿತು. ಕೆಲವು ದಿನ ಬಿಟ್ಟು ನೋಡಿದರೆ ಗಾರೆ ತುಂಬಿ ಯಾರೋ ಅದನ್ನು ನೆಟ್ಟಗೆ ಮಾಡಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ಊಟದ ಹೊತ್ತಿನಲ್ಲಿ ಮಾವ ಆ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ.

ಮರುವರ್ಷವೂ ಮಾವ ಕಟ್ಟೆಯ ತುದಿಗೆ ಬರಲಿಲ್ಲ. ಅದರ ಮರುವರ್ಷವೂ. ವಯಸ್ಸಾಯಿತಲ್ಲ, ಗಂಟಲು ಬಿದ್ದುಹೋಯಿತು ಪಾಪ, ಎಂದು ಜನ ಅಂದುಕೊಂಡರು. ಔಷಧಿ ಅಂಗಡಿಯವರು ಈಗ ಒಂದು ಸೀಟಿ ತಂದಿಟ್ಟಿದ್ದಾರೆ.

ಗಂಟಲು ಕಾರಣವಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ಅವನು ಹೆಂಡತಿಗೆ ಹೇಳಲಿಲ್ಲ. ತಪ್ಪಾಯಿತು ಎಂದು ಮಾವನಿಗೂ ಎಂದೂ ಹೇಳಲಿಲ್ಲ.